ಹೊಲಿಗೆ ಜಾಗ ಬಿಟ್ಟು ನೋಡಲು ಕಲಿತೆ

ದಾವಣಗೆರೆಯಲ್ಲಿ ನಾನು ದಂತವೈದ್ಯೆ. ಬಾಯಿ ಕ್ಯಾನ್ಸರ್‌ಗೆ ಆಪರೇಷನ್ ಆಗಿ, ಕರೆಂಟ್ (ರೇಡಿಯೇಷನ್ ಚಿಕಿತ್ಸೆ) ಕೊಡಿಸಿಕೊಂಡವರು ಆಮೇಲೆ ಹಲ್ಲು ಹುಳುಕು, ಬಾಯಿ ಒಣಗುತ್ತೆ ಅಂತ ನನ್ನ ಹತ್ತಿರ ಬರುತ್ತಾರೆ. ಮೊದಲೆಲ್ಲ ಹಳೆ ಹೊಲಿಗೆಯ ಜಾಗವನ್ನೇ ಒತ್ತಿ ಒತ್ತಿ ನೋಡುತ್ತಿದ್ದೆ. ಅಲ್ಲಿ ಏನೂ ಇಲ್ಲ ಅಂದರೆ ನನಗೆ ಸಮಾಧಾನ.

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರಿಗೆ ಎಡಗೆನ್ನೆ ಆಪರೇಷನ್ ಆಗಿ ನಾಲ್ಕು ವರ್ಷವಾಗಿತ್ತು. ಗಾಯ ಚೆನ್ನಾಗಿ ಮಾಗಿತ್ತು. ಹೊರಡುವಾಗ ಅವರ ಹೆಂಡತಿ, "ಮೇಡಂ, ಇವರು ಒಂದು ತಿಂಗಳಿಂದ ರೊಟ್ಟಿನ ಸಾರಲ್ಲಿ ನೆನೆಸಿಕೊಂಡೇ ತಿಂತಾರೆ" ಅಂದರು. "ಕರೆಂಟ್ ಕೊಟ್ಟ ಮೇಲೆ ಜೊಲ್ಲು ಕಡಿಮೆ ಆಗುತ್ತಮ್ಮ, ಅದಕ್ಕೇ" ಅಂದುಬಿಟ್ಟೆ. ಎರಡು ತಿಂಗಳಲ್ಲಿ ಅವರಿಗೆ ಗಂಜಿಯೂ ಇಳಿಯದಾಯಿತು. ಎಂಡೋಸ್ಕೋಪಿ ಮಾಡಿದರೆ ಅನ್ನನಾಳದಲ್ಲಿ ಗಡ್ಡೆ. "ಅದೇ ಕಾಯಿಲೆ ಕೆಳಗೆ ಇಳೀತಾ ಮೇಡಂ?" ಅಂತ ಆಕೆ ಕೇಳಿದರು. ಅಲ್ಲ, ಇದು ಬೇರೆಯೇ ಕ್ಯಾನ್ಸರ್, ಅಲ್ಲೇ ಹೊಸದಾಗಿ ಹುಟ್ಟಿದ್ದು. ಆ ಎರಡು ತಿಂಗಳು ಹೋದದ್ದು ನನ್ನಿಂದ.

ಹೊಗೆಸೊಪ್ಪಿನ ರಸ, ಬೀಡಿಯ ಹೊಗೆ, ಹೆಂಡ ಒಂದೇ ಕಡೆ ತಾಗುವುದಿಲ್ಲ. ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶದ ಒಳಪದರವೆಲ್ಲ ವರ್ಷಗಟ್ಟಲೆ ಕೆಡುತ್ತಾ ಬಂದಿರುತ್ತದೆ. ಬಾಯಿಯ ಒಳಪದರದ ಮಟ್ಟಿಗೆ ಸ್ಲಾಟರ್ ಅನ್ನುವ ಅಮೆರಿಕದ ವೈದ್ಯರು ಮತ್ತು ಜೊತೆಗಾರರು 1953ರಲ್ಲೇ ಇದನ್ನು ತೋರಿಸಿದ್ದರು. ಬೆಳೆಗಾರರಿಗೆ ನಾನು ಹೇಳುವುದು ಹೀಗೆ: ಒಂದು ಮರದ ಗೊನೆಗೆ ಕೊಳೆ ಬಂತು ಅಂದರೆ ಪಕ್ಕದ ಮರಕ್ಕೂ ಅದೇ ಮಳೆ ಬಿದ್ದಿರುತ್ತೆ, ಅಲ್ವಾ? ಹಳೆ ಗಡ್ಡೆ ಮರುಕಳಿಸುವುದು ಹೆಚ್ಚಾಗಿ ಮೊದಲ ಎರಡು ವರ್ಷದಲ್ಲಿ. ಹೊಸದು ಹುಟ್ಟುವ ಭಯ ಮಾತ್ರ ಐದು ವರ್ಷ ದಾಟಿದರೂ ಹೋಗುವುದಿಲ್ಲ.

ಈಗ ನಾನು ಚೆನ್ನಾಗಿರುವ ಕಡೆಯಿಂದಲೇ ಶುರು ಮಾಡುತ್ತೇನೆ. ನಾಲಿಗೆಯ ತುದಿಯನ್ನು ಗಾಜ್ ಬಟ್ಟೆಯಲ್ಲಿ ಹಿಡಿದು ಪಕ್ಕಕ್ಕೆ ಎಳೆದು, ಅದರ ಹಿಂದಿನ ಅಂಚು ನೋಡುತ್ತೇನೆ. ಒಂದು ಬೆರಳು ನಾಲಿಗೆ ಕೆಳಗೆ, ಇನ್ನೊಂದು ಕೈ ಗದ್ದದ ಕೆಳಗೆ ಇಟ್ಟು ನಿಧಾನಕ್ಕೆ ಸವರುತ್ತೇನೆ. ಕರೆಂಟ್ ಕೊಟ್ಟ ಬಾಯಿ ಎರಡು ಬೆರಳಗಲವೂ ತೆರೆಯದಿರಬಹುದು, ಅವಸರ ಮಾಡಿದರೆ ಏನೂ ಕಾಣುವುದಿಲ್ಲ. ಬಿಳಿ ಮಚ್ಚೆಗಿಂತ ಕೆಂಪು ಮಚ್ಚೆ ಕಂಡರೆ ನನಗೆ ಹೆದರಿಕೆ ಜಾಸ್ತಿ. ಎರಡು ವಾರದಲ್ಲಿ ಮಾಯದ ಹುಣ್ಣಿಗೆ ಮುಲಾಮು ಕೊಟ್ಟು ಕಳಿಸುವುದಿಲ್ಲ, ಬಯಾಪ್ಸಿಗೆ ಬರೆಯುತ್ತೇನೆ. ಆಮೇಲೆ "ರೊಟ್ಟಿ ಹೇಗೆ ತಿಂತೀರಿ?" ಅಂತ ಕೇಳುತ್ತೇನೆ. ಮನೆಯವರನ್ನೂ ಕೇಳುತ್ತೇನೆ. ಧ್ವನಿ ಒಡೆದಿದೆಯಾ, ಕೆಮ್ಮಲ್ಲಿ ರಕ್ತ ಬರುತ್ತಾ, ತೂಕ ಇಳಿದಿದೆಯಾ ಅನ್ನೋದನ್ನೂ ಬಿಡುವುದಿಲ್ಲ.

ಅಡಿಕೆ ನಂಬಿ ಬದುಕುವ ಊರಲ್ಲಿ ಅಡಿಕೆ ಅಗಿಯಬೇಡಿ ಅನ್ನಲು ಬಾಯಿ ಬರುವುದಿಲ್ಲ. ಆದರೂ ಹೇಳುತ್ತೇನೆ. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ.

ಕಳೆದ ವರ್ಷ ಹರಿಹರದಿಂದ ಬಂದ ಒಬ್ಬರು, "ಆರು ವರ್ಷ ಆಯ್ತಲ್ಲ ಮೇಡಂ, ಇನ್ನು ಚೆಕಪ್ ಸಾಕಲ್ವಾ?" ಅಂದರು. "ಇದೊಂದ್ಸಲ ನಾಲಿಗೆ ಚಾಚಿ ಯಜಮಾನ್ರೇ" ಅಂದೆ. ಆಪರೇಷನ್ ಆಗದ ಕಡೆಯ ಅಂಚಿನಲ್ಲಿ ಹೆಸರುಕಾಳಿನಷ್ಟು ಕೆಂಪು ಇತ್ತು. ಎರಡು ವಾರ ಬಿಟ್ಟು ನೋಡಿದರೂ ಹೋಗಿರಲಿಲ್ಲ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು, ಆಗಿನ್ನೂ ಶುರು. ಸಣ್ಣ ಆಪರೇಷನ್ನಲ್ಲೇ ಮುಗಿಯಿತು. ಈಗ ಬಂದ ಕೂಡಲೇ ನಾನು ಹೇಳುವ ಮೊದಲೇ ನಾಲಿಗೆ ಚಾಚಿ ಕೂರುತ್ತಾರೆ.