ಕೈಯಲ್ಲಿ ಎರಡು ದಿನ ಹೆಚ್ಚಿಗೆ

ಪುಣೆ ಹತ್ತಿರದ ಸಿಂಹಗಡ ಕೋಟೆಯನ್ನು ಆತಕರವಾಡಿ ಕಡೆಯಿಂದ ನನ್ನ ತಮ್ಮ ಐವತ್ತು ನಿಮಿಷದಲ್ಲಿ ಹತ್ತುತ್ತಾನೆ. ನನಗೆ ಒಂದೂವರೆ ತಾಸು ಬೇಕು. ಆದರೆ ಹಿಮಾಚಲದಲ್ಲಿ ಬೆಟ್ಟಸಾಲು ದಾಟುವ ಹಾಂಪ್ಟಾ ಪಾಸ್ ದಾರಿಯಲ್ಲಿ ತಲೆನೋವು ಹತ್ತಿದ್ದು ಅವನಿಗೆ.

ಹಾಂಪ್ಟಾ 4,270 ಮೀಟರ್ ಎತ್ತರದಲ್ಲಿದೆ. ಈಚೆಗೆ ಕುಲ್ಲು ಸೀಮೆಯ ಕಾಡು, ಹುಲ್ಲುಗಾವಲು. ಆಚೆಗೆ ಲಾಹೌಲಿನ ಬೋಳು ಬೆಟ್ಟ. ಮಹಾರಾಷ್ಟ್ರದಲ್ಲಿ ಎಲ್ಲಕ್ಕಿಂತ ಎತ್ತರವಾದ ಕಳಸೂಬಾಯಿ 1,646 ಮೀಟರ್. ನಾವು ನಡಿಗೆ ಶುರು ಮಾಡಿದ ಜೋಬ್ರಾ ಅದಕ್ಕಿಂತ ಸಾವಿರ ಮೀಟರಿಗೂ ಹೆಚ್ಚು ಮೇಲಿದೆ. ಪುಣೆಯಲ್ಲಿದ್ದು ಎಷ್ಟೇ ತಯಾರಿ ಮಾಡಿದರೂ ಕಾಲು ಗಟ್ಟಿಯಾದೀತು, ಆ ಎತ್ತರದ ಗಾಳಿ ಮಾತ್ರ ಇಲ್ಲಿ ಸಿಗುವುದಿಲ್ಲ.

ತಯಾರಿ ಮಾರ್ಚಿನಿಂದ ಮಾಡಿದ್ದೆವು. ವಾರದ ದಿನ ಊರೊಳಗಿನ ತಳಜಾಯಿ ಗುಡ್ಡ, ಭಾನುವಾರ ಸಿಂಹಗಡ. ಚೀಲದಲ್ಲಿ ಒಂದೊಂದು ಲೀಟರಿನ ಎಂಟು ನೀರಿನ ಬಾಟಲಿ. ಮೇಲೆ ಹೋದ ಮೇಲೆ ಆ ನೀರನ್ನು ಗಿಡಗಳಿಗೆ ಸುರಿದು, ಪಿಠಲೆ-ಭಾಕರಿ, ಮಡಿಕೆ ಮೊಸರು ತಿಂದು, ಹಗುರಾಗಿ ಇಳಿಯುವುದು. ಭಾರ ಹೊತ್ತು ಇಳಿದರೆ ಮೊಣಕಾಲು ಹೋಗುತ್ತವೆ. ನಲವತ್ತು ದಾಟಿದವರು ಇದನ್ನು ಮರೆಯಬಾರದು.

ದೊಡ್ಡ ಗುಂಪಿನ ಜೊತೆ ಹೋಗದೆ ಮನಾಲಿಯಲ್ಲೇ ಒಬ್ಬ ಗೈಡ್, ಒಬ್ಬ ಅಡುಗೆಯವರನ್ನು ಗೊತ್ತುಮಾಡಿಕೊಂಡೆವು. ನಾನು, ನಮ್ಮನೆಯವರು, ತಮ್ಮ, ಮೂವರೇ. ಖರ್ಚು ಹೆಚ್ಚಾಯಿತು. ಆದರೂ ಎರಡು ದಿನ ಹೆಚ್ಚಿಗೆ ಇರಲಿ, ಅಷ್ಟಕ್ಕೂ ರೇಷನ್ ಇರಲಿ ಎಂದು ನಾನು ಹಟ ಹಿಡಿದೆ. 'ಯಾತಕ್ಕ ಅಕ್ಕಾ, ಸುಮ್ನ ರಜಾ ಹಾಳು' ಅಂದಿದ್ದ ತಮ್ಮ.

ಮೊದಲ ರಾತ್ರಿ ಚಿಕಾ, ಸುಮಾರು 3,100 ಮೀಟರ್. ಎರಡನೆಯದು ಬಾಲು ಕಾ ಘೇರಾ, ಸುಮಾರು 3,600. ದಾರಿಯುದ್ದಕ್ಕೂ ತಮ್ಮ ಮುಂದೆ ಮುಂದೆ ಹೋಗಿ ಬಂಡೆಯ ಮೇಲೆ ಕೂತು ನಮಗೆ ಕಾಯುತ್ತಿದ್ದ. ಸಂಜೆ ಊಟ ಬೇಡ ಅಂದ. 'ಬಿಸಲಿಗೆ ತಲಿ ಹಿಡದೈತಿ, ಮಲಕೊಂಡ್ರ ಹೋಗತೈತಿ' ಎಂದು ಡೇರೆ ಸೇರಿದ. ನಡುರಾತ್ರಿ ಎರಡು ಸಲ ವಾಂತಿಯಾಯಿತು. ಆಗ ಬಾಯಿ ಬಿಟ್ಟ: ತಲೆನೋವು ಮಧ್ಯಾಹ್ನದಿಂದಲೇ ಇತ್ತು. ಎತ್ತರಕ್ಕೆ ಮೈ ಒಗ್ಗಲು ನೆರವಾಗಲೆಂದು ಪುಣೆಯ ಡಾಕ್ಟರು ಬರೆದುಕೊಟ್ಟ ಡಯಾಮಾಕ್ಸ್ ಮಾತ್ರೆಯನ್ನೂ ಅವನು ಶುರು ಮಾಡಿರಲಿಲ್ಲ.

ಗೈಡ್ ಅವನನ್ನು ಎಬ್ಬಿಸಿ, ಟಾರ್ಚಿನ ಬೆಳಕಿನಲ್ಲಿ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಸಿದರು. ತೂರಾಡಿದ್ದರೆ ಮಿದುಳಿಗೆ ಬಾವು ಬಂದಿರುವ ಸೂಚನೆ. ಆ ಕತ್ತಲಲ್ಲೇ ಇಳಿಯಬೇಕಾಗುತ್ತಿತ್ತು. ಅವನು ನೆಟ್ಟಗೆ ನಡೆದ. ಕೂತಾಗ ಏದುಸಿರೂ ಇರಲಿಲ್ಲ. ನಾನು ಬೆಳಗಾಗುವವರೆಗೆ ಪಕ್ಕದಲ್ಲೇ ಕೂತೆ. ಬೆಳಕು ಹರಿಯುತ್ತಲೇ ಎಲ್ಲರೂ ಚಿಕಾಕ್ಕೆ ವಾಪಸು ಇಳಿದೆವು.

ನಾಲ್ಕು ಸಾವಿರ ಮೀಟರಿನ ಆಸುಪಾಸಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಐದರಲ್ಲಿ ಮೂರು ಪಾಲಿನಷ್ಟು. ಅದಕ್ಕೆ ಮೈ ಒಗ್ಗಲು ದಿನಗಳೇ ಬೇಕು, ಕಾಲಿನ ಕಸುವಿನಿಂದ ಅದು ಬೇಗ ಆಗುವುದಿಲ್ಲ. 3,000 ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಮೇಲೇರಬಾರದು ಎನ್ನುತ್ತಾರೆ. ಲೆಕ್ಕದಲ್ಲಿ ನಾವು ಸರಿಯಾಗಿಯೇ ಇದ್ದೆವು. ತಪ್ಪಿದ್ದು ಅದಕ್ಕೂ ಮೊದಲು: ಸುಮಾರು 2,050 ಮೀಟರಿನ ಮನಾಲಿಯಿಂದ ಒಂದೇ ದಿನಕ್ಕೆ ಚಿಕಾಕ್ಕೆ ಹೋಗಿ ಮಲಗಿದ್ದು. ನಡುವೆ ಸೇಥನ್ ಹಳ್ಳಿಯಲ್ಲಿ ಒಂದು ರಾತ್ರಿ ಕಳೆಯಬೇಕಿತ್ತು. ಹೋಗುವವರು ದಯವಿಟ್ಟು ಕಳೆಯಿರಿ.

ಚಿಕಾದಲ್ಲಿ ಮಧ್ಯಾಹ್ನದ ಹೊತ್ತಿಗೆ ತಮ್ಮ ಚಹಾ ಕೇಳಿದ, ಸಂಜೆಗೆ ಅನ್ನ-ದಾಲ್ ಉಂಡ. 'ನಿಮ್ಮದೂ ಕೆಡಿಸಿದ್ನಿ ಅಕ್ಕಾ' ಅಂದಾಗ ಅವನ ಕಣ್ಣು ತುಂಬಿತ್ತು. ಮರುದಿನ ತಲೆನೋವು ಪೂರ್ತಿ ಇಳಿದಿದೆ ಎಂದು ಖಾತ್ರಿಯಾದ ಮೇಲೆಯೇ ಮತ್ತೆ ಹೊರಟದ್ದು. ಈ ಸಲ ನಾನು ಮುಂದೆ, ಅವನು ನನ್ನ ಹಿಂದೆ. ಒಂದು ವಾಕ್ಯ ಪೂರ್ತಿ ಆಡಿ ಮುಗಿಸಲು ಉಸಿರು ಸಾಲದಿದ್ದರೆ ಹೆಜ್ಜೆ ನಿಧಾನ ಮಾಡಬೇಕು, ಅದೊಂದೇ ಕರಾರು.

ಮೂರನೆಯ ದಿನ ದಾಟಬೇಕಿದ್ದ ಪಾಸನ್ನು ಐದನೆಯ ದಿನ ದಾಟಿದೆವು. ಜೂನ್ ಕೊನೆಯಾದ್ದರಿಂದ ಹಿಮ ಇನ್ನೂ ಇತ್ತು. ಗೈಡ್ ಬೂಟಿನಿಂದ ಒದ್ದು ಮಾಡಿದ ಮೆಟ್ಟಿಲಲ್ಲೇ ಕಾಲಿಡುತ್ತ ಹೋದೆವು. ಹತ್ತುವುದಕ್ಕಿಂತ ಆಚೆ ರಾತ್ರಿ ತಂಗುವ ಶಿಯಾಗೋರುವಿಗೆ ಇಳಿಯುವುದೇ ಕಡಿದು.

ಮರುದಿನ ಬೆಳಿಗ್ಗೆ ಆರಕ್ಕೆ ಹೊಳೆ ದಾಟಿದೆವು. ಹಿಮ ಕರಗಿ ಬರುವ ನೀರು ರಾತ್ರಿಯ ಚಳಿಗೆ ಇಳಿದಿರುತ್ತದೆ, ಬಿಸಿಲೇರಿದಂತೆ ಉಬ್ಬುತ್ತದೆ. ಮಧ್ಯಾಹ್ನಕ್ಕೆ ಬಿಟ್ಟರೆ ಅದೇ ಹೊಳೆ ಅಪಾಯ. ಬೂಟು, ಕಾಲುಚೀಲ ಕಳಚಿ ಕೊರಳಿಗೆ ನೇತುಹಾಕಿ, ಸ್ಯಾಂಡಲ್ ತೊಟ್ಟೆವು. ಚೀಲದ ಸೊಂಟದ ಪಟ್ಟಿ ಬಿಚ್ಚಿದೆವು. ಬಿದ್ದರೆ ಚೀಲ ಹೋಗಲಿ, ನಾವು ಉಳಿಯಬೇಕು. ನೀರು ಬರುವ ಕಡೆಗೆ ಮುಖ ಮಾಡಿ, ತೋಳಿಗೆ ತೋಳು ಹೆಣೆದು, ಒಂದು ಕಾಲು ನೆಲೆಯಾದ ಮೇಲೆಯೇ ಇನ್ನೊಂದನ್ನು ಎತ್ತುತ್ತ ಅಡ್ಡಡ್ಡ ನಡೆದೆವು. ನಾಲ್ಕನೆಯ ಹೆಜ್ಜೆಗೆ ಪಾದ ಇದೆಯೋ ಇಲ್ಲವೋ ತಿಳಿಯಲಿಲ್ಲ. ದಡಕ್ಕೆ ಬಂದು ಕೂತಾಗ ತಮ್ಮ ನನ್ನ ಪಾದಗಳನ್ನು ತನ್ನ ಮಡಿಲಿಗೆ ಎಳೆದುಕೊಂಡು ತಿಕ್ಕಿದ, ಆಮೇಲೆ ತನ್ನವು.

ನಡಿಗೆ ಮುಗಿಯುವ ಛತ್ರು ತಲುಪಿದ ಮೇಲೆ ಅವ್ವ ಬೆಳಗಾವಿಯಿಂದ ಕಳಿಸಿದ್ದ ಖಡಕ್ ರೊಟ್ಟಿಯ ಕೊನೆಯ ಕಟ್ಟು ಬಿಚ್ಚಿದೆವು. ಒಂದೂ ಮೆತ್ತಗಾಗಿರಲಿಲ್ಲ. ಶೇಂಗಾ ಹಿಂಡಿ ಹಚ್ಚಿ ಮೊದಲನೆಯದನ್ನು ಗೈಡಿಗೆ ಕೊಟ್ಟೆ.