ನಾಯಿ ಬೆಕ್ಕು ಓಡಾಡುವ ಹಿತ್ತಲಲ್ಲಿ ಫೈರ್ ಆಂಟ್ ಕಾಟ

ಟೆಕ್ಸಾಸಿನಲ್ಲಿ ಹೊಸದಾಗಿ ಮನೆ ಮಾಡಿದ ನಮ್ಮ ಹುಡುಗರು ಹಿತ್ತಲಲ್ಲಿ ಫೈರ್ ಆಂಟ್ ಅನ್ನುವ ಚುಚ್ಚುವ ಇರುವೆಗಳ ಪುಡಿಮಣ್ಣಿನ ಗೂಡು ಕಂಡ ಕೂಡಲೇ ಕಾಲಲ್ಲಿ ಒದೆಯುತ್ತಾರೆ, ಇಲ್ಲವೇ ಪೈಪ್ ಹಿಡಿದು ನೀರು ಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗೂಡು ಸ್ವಲ್ಪ ಅಲುಗಿದರೂ ಇರುವೆಗಳು ರಾಶಿರಾಶಿ ಮೇಲೆ ಬರುತ್ತವೆ, ಬಾಯಲ್ಲಿ ಚರ್ಮ ಕಚ್ಚಿ ಹಿಡಿದು ಹಿಂಬದಿಯ ಮುಳ್ಳಿನಿಂದ ಮತ್ತೆ ಮತ್ತೆ ಚುಚ್ಚುತ್ತವೆ. ಪಾಪ, ನಾಯಿಗೆ ಹೊಟ್ಟೆಯ ಕೆಳಗೆ, ಬೆರಳ ಸಂದಿಯಲ್ಲೇ ಜಾಸ್ತಿ.

ಇವು 1930ರ ದಶಕದಲ್ಲಿ ದಕ್ಷಿಣ ಅಮೆರಿಕದಿಂದ ಹಡಗಿನಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಮೊಬೈಲ್ ಎಂಬ ಊರಿನ ಬಂದರಿಗೆ ಬಂದು ಹರಡಿದ ಇರುವೆಗಳು. ಪೂರ್ತಿ ನಿರ್ಮೂಲ ಆಗುವುದಿಲ್ಲ, ಪಕ್ಕದ ಮನೆಯಿಂದ ಮತ್ತೆ ಬರುತ್ತವೆ. ನಾವು ಕೊಲ್ಲಬೇಕಾದ್ದು ಮೊಟ್ಟೆ ಇಡುವ ರಾಣಿ ಇರುವೆಯನ್ನು. ಅವಳು ಒಳಗೆ ಆಳದಲ್ಲಿರುತ್ತಾಳೆ, ಒಂದೇ ಗೂಡಲ್ಲಿ ಹಲವು ರಾಣಿಯರೂ ಇರಬಹುದು. ಮೇಲಿಂದ ಅರಿಶಿನ ಚೆಲ್ಲಿದರೆ ಅವಳಿಗೆ ಏನೂ ಆಗುವುದಿಲ್ಲ. ಜೋಳದ ರವೆ ತಿಂದು ಇರುವೆ ಹೊಟ್ಟೆ ಒಡೆದು ಸಾಯುತ್ತದೆ ಎನ್ನುವುದೂ ಸುಳ್ಳು, ಬೆಳೆದ ಇರುವೆಗಳು ಗಟ್ಟಿ ಆಹಾರ ನುಂಗುವುದೇ ಇಲ್ಲ.

ರಾಣಿಯವರೆಗೆ ತಲುಪುವುದು ಬೇಟ್, ಅಂದರೆ ಮದ್ದು ಬೆರೆಸಿದ ಆಮಿಷದ ತಿನಿಸು. ಜೋಳದ ನುಚ್ಚಿಗೆ ಸೋಯಾ ಎಣ್ಣೆ, ಅದರಲ್ಲಿ ಚೂರೇ ಚೂರು ಮದ್ದು. ಕೆಲಸದ ಇರುವೆಗಳೇ ಅದನ್ನು ಹೊತ್ತು ಒಯ್ದು ರಾಣಿಗೆ ಉಣಿಸುತ್ತವೆ. ನಾಯಿ ಬೆಕ್ಕು ಇರುವವರು ಸ್ಪಿನೋಸ್ಯಾಡ್ ಇರುವ ಬೇಟ್ ಕೇಳಿ ತನ್ನಿ. ಅದು ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ ಬರುವ ಮದ್ದು, ನಾಯಿಗಳ ಚಿಗಟಕ್ಕೆ ಕೊಡುವ ಮಾತ್ರೆಯೊಂದರಲ್ಲೂ ಇದೇ ಇದೆ. ಹಾಗಂತ ಡಬ್ಬಿ ಕೆಳಗಿಡಬೇಡಿ, ಎಣ್ಣೆ ವಾಸನೆಗೆ ನಾಯಿ ಬಾಯಿ ಹಾಕುತ್ತದೆ. ಡಬ್ಬಿಯ ಮೇಲೆ ಬರೆದಷ್ಟೇ ಅಳತೆ, ಹಿತ್ತಲ ತುಂಬ ತೆಳ್ಳಗೆ ಉದುರಿಸಬೇಕು, ಎಲ್ಲೂ ಗುಡ್ಡೆ ಬೀಳಬಾರದು, ಮತ್ತೆ ಎಷ್ಟು ಹೊತ್ತು ಪ್ರಾಣಿಗಳನ್ನು ಒಳಗಿಡಬೇಕು ಎನ್ನುವುದನ್ನೂ ಅಲ್ಲೇ ಓದಿಕೊಳ್ಳಿ.

ಹಾಕುವ ಮೊದಲು ಒಂದು ಆಲೂ ಚಿಪ್ಸ್ ನೆಲದ ಮೇಲಿಡಿ. ಅರ್ಧ ಗಂಟೆಯೊಳಗೆ ಇರುವೆ ಮುತ್ತಿದರೆ ಅವು ಆಹಾರ ಹುಡುಕುತ್ತಿವೆ ಅಂತ ಅರ್ಥ, ಆಗ ಹಾಕಿ. ಮುತ್ತದಿದ್ದರೆ ಸುಮ್ನೆ ದಂಡ. ನೆಲ ಒಣಗಿರಬೇಕು, ಮುಂದಿನ ಒಂದು ದಿನ ಮಳೆಯೂ ಬೇಡ, ಸ್ಪ್ರಿಂಕ್ಲರ್ ಕೂಡ ಬೇಡ. ಬೇಸಿಗೆಯಲ್ಲಾದರೆ ಬಿಸಿಲು ಇಳಿದ ಮೇಲೆ. ಹಳೇ ಬೇಟ್‌ನ ಎಣ್ಣೆ ಕಮಟು ಹಿಡಿದಿದ್ದರೆ ಇರುವೆ ಮೂಸಿಯೂ ನೋಡುವುದಿಲ್ಲ. ವಸಂತದಲ್ಲಿ ಒಮ್ಮೆ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಒಮ್ಮೆ ಸಾಕು. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದವರು ಹೇಳುವುದೂ ಇದೇ: ಮೊದಲು ಇಡೀ ಹಿತ್ತಲಿಗೆ ಬೇಟ್, ಆಮೇಲೆ ತೊಂದರೆ ಕೊಡುವ ಒಂದೊಂದು ಗೂಡನ್ನು ಬೇರೆಯಾಗಿ ನೋಡಿಕೊಳ್ಳುವುದು.

ಆ ಒಂದೊಂದು ಗೂಡಿಗೆ ನನ್ನ ಆಯ್ಕೆ ಕುದಿಯುವ ನೀರು. ಒಂದು ಗೂಡಿಗೆ ಸುಮಾರು 3 ಗ್ಯಾಲನ್, ಅಂದರೆ 11 ಲೀಟರ್ ಬೇಕು, ಒಂದು ಕೆಟಲ್ ನೀರಿಂದ ಏನೂ ಆಗದು. ತಂಪಾದ ಬಿಸಿಲಿನ ಬೆಳಿಗ್ಗೆ ಇರುವೆಗಳು ಗೂಡಿನ ಮೇಲ್ಭಾಗಕ್ಕೆ ಬಂದಿರುತ್ತವೆ, ಆಗಲೇ ನಿಧಾನವಾಗಿ ಸುರಿಯಿರಿ. ಸುಮಾರು 60% ಗೂಡುಗಳು ಸಾಯುತ್ತವೆ, ಉಳಿದವಕ್ಕೆ ಇನ್ನೊಮ್ಮೆ. ಹುಲ್ಲು ಸುಡುತ್ತದೆ, ನಿಮ್ಮ ಕಾಲೂ ಜೋಪಾನ, ನಾಯಿ ಮಕ್ಕಳು ಒಳಗಿರಲಿ.

ಕಿತ್ತಳೆ ಎಣ್ಣೆ ನೈಸರ್ಗಿಕ ಅಂತ ಮಾರುತ್ತಾರೆ, ಆದರೆ ಬೆಕ್ಕಿಗೆ ಅದು ವಿಷ. ಪೆಟ್ರೋಲ್ ಮಾತ್ರ ಯಾವತ್ತೂ ಬೇಡ.

ನಾಯಿಯ ಊಟದ ಬಟ್ಟಲನ್ನು ನೀರು ತುಂಬಿದ ಅಗಲ ತಟ್ಟೆಯ ನಡುವೆ ಇಡಿ. ಊರಲ್ಲಿ ಹಾಲು ಬೆಣ್ಣೆಯ ಕಪಾಟಿನ ಕಾಲಿಗೆ ನೀರಿನ ಬಟ್ಟಲು ಇಡುತ್ತಿದ್ದೆವಲ್ವಾ, ಅದೇ ಉಪಾಯ. ಊಟ ಮುಗಿದ ಕೂಡಲೇ ಎತ್ತಿಬಿಡಿ.

ಕಚ್ಚಿಸಿಕೊಂಡೇ ಬಿಟ್ಟರೆ ಮೊದಲು ನಾಯಿಯನ್ನು ಅಲ್ಲಿಂದ ದೂರ ಎಳೆಯಿರಿ. ನೀರು ಹಾಕಬೇಡಿ, ಇರುವೆ ಇನ್ನೂ ಗಟ್ಟಿ ಹಿಡಿಯುತ್ತದೆ. ಒಣ ಬಟ್ಟೆಯಿಂದ ಒರೆಸಿ ಉದುರಿಸಿ, ಆಮೇಲೆ ತಣ್ಣನೆ ಬಟ್ಟೆ ಒತ್ತಿ. ಮನುಷ್ಯರ ಮಾತ್ರೆ ಕೇಳದೆ ಕೊಡಬೇಡಿ. ಮುಖ ಊದಿದರೆ, ವಾಂತಿ ಮಾಡಿದರೆ, ಉಸಿರಾಡಲು ಕಷ್ಟಪಟ್ಟರೆ ಕಾಯದೆ ವೆಟ್ (ಪ್ರಾಣಿಗಳ ಡಾಕ್ಟರ್) ಹತ್ತಿರ ಕರೆದುಕೊಂಡು ಹೋಗಿ.