ಮಳೆಗಾಲದ ತೀರ್ಥಹಳ್ಳಿಯಲ್ಲಿ ಮಗ್ ಪ್ರಿಂಟ್: ನನ್ನ ಅನುಭವ

"ನಿಮ್ಮೂರ ಮಳೆಯಲ್ಲಿ ಮಗ್ ಪ್ರಿಂಟ್ ಎಲ್ಲ ಆಗಲ್ಲ ಮಾರಾಯ, ಸುಮ್ನೆ ದುಡ್ಡು ಹಾಕ್ಬೇಡ." ಹೀಗಂದವನು ಶಿವಮೊಗ್ಗದಲ್ಲಿ ಹತ್ತು ವರ್ಷದಿಂದ ಫ್ಲೆಕ್ಸ್, ಮಗ್ ಎರಡೂ ಮಾಡುತ್ತಿರುವ ನನ್ನ ಗೆಳೆಯ. ಅವನೊಬ್ಬನೇ ಅಲ್ಲ. ಬೆಂಗಳೂರಿನಲ್ಲಿ ಇಂಕು ಕೊಟ್ಟವರೂ ಫೋನಿನಲ್ಲಿ ಇದನ್ನೇ ಅಂದರು. ಅದೂ ದುಡ್ಡು ತಗೊಂಡಮೇಲೆ.

ಹೋದ ಸೆಪ್ಟೆಂಬರಿನಲ್ಲಿ ಮೂರು ದಿನ ಬಿಡದೆ ಮಳೆ ಹೊಡೆಯುತ್ತಿದ್ದಾಗ ಇದೇ ತೀರ್ಥಹಳ್ಳಿಯ ಅಂಗಡಿಯಲ್ಲಿ ಕೂತು ಗುರುವಂದನೆಗೆ 60 ಮಗ್ ಮಾಡಿದೆ. ಹಾಳಾದದ್ದು 2. ಅದರಲ್ಲೂ ಒಂದು ನನ್ನ ಕೈಜಾರಿ ಬಿದ್ದು ಒಡೆದದ್ದು. ಲೆಕ್ಕಕ್ಕೆ ಒಂದೇ ಅಂತ ಇಟ್ಟುಕೊಳ್ಳಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಸಣ್ಣ ಸ್ಟುಡಿಯೋ. ಪಾಸ್‌ಪೋರ್ಟ್ ಫೋಟೋ, ಝೆರಾಕ್ಸ್, ಲ್ಯಾಮಿನೇಶನ್, ಮದುವೆ ಸೀಸನ್ನಿನಲ್ಲಿ ಆಲ್ಬಮ್. ಮದುವೆ ಇಲ್ಲದ ತಿಂಗಳಲ್ಲಿ ನೊಣ ಹೊಡೆಯುವ ಕೆಲಸ. ಎರಡು ವರ್ಷದ ಹಿಂದೆ ಫೆಬ್ರವರಿಯಲ್ಲಿ ಮಗ್ ಶುರು ಮಾಡಿದೆ. ನಾಲ್ಕು ಬಣ್ಣದ ಎಪ್ಸನ್ ಟ್ಯಾಂಕ್ ಪ್ರಿಂಟರ್, ಹೊಸದು, 12 ಸಾವಿರದ ಆಸುಪಾಸು. ಕಂಪನಿ ಇಂಕನ್ನು ಹಾಕಲೇ ಇಲ್ಲ, ಮೊದಲ ದಿನದಿಂದ ಸಬ್ಲಿಮೇಶನ್ ಇಂಕೇ, ಅಂದರೆ ಬಿಸಿ ತಾಗಿದಾಗ ಪೇಪರಿನಿಂದ ಎದ್ದು ಮಗ್ಗಿನ ಕೋಟಿಂಗಿಗೆ ಇಳಿಯುವ ಇಂಕು. ಇಂಕಿಗೆ 1,400. ಪ್ರಿಂಟ್ ಹಾಕಿದ ಪೇಪರ್ ಸುತ್ತಿದ ಮಗ್ಗನ್ನು ಒತ್ತಿ ಬಿಸಿ ಮಾಡುವ ಮಗ್ ಪ್ರೆಸ್ 3,800. ಪೇಪರು, ಟೇಪು ಸೇರಿ 550 ಇರಬೇಕು. ಎರಡು ಬಾಕ್ಸ್ ಬ್ಲ್ಯಾಂಕ್ ಮಗ್ (ಕೋಟಿಂಗ್ ಇರುವ ಖಾಲಿ ಮಗ್), ಬಾಕ್ಸಿಗೆ 36, ಒಂದಕ್ಕೆ 68ರಂತೆ, ಲಾರಿ ಬಾಡಿಗೆ ಬೇರೆ. ಒಟ್ಟು 23 ಸಾವಿರದ ಹತ್ತಿರ ಕೈಬಿಟ್ಟಿತು. ಮನೆಯಲ್ಲಿ 15 ಅಂತ ಹೇಳಿದ್ದೆ.

ಫೆಬ್ರವರಿಯಿಂದ ಮೇ ತನಕ ನಾನೇ ರಾಜ. ಅಲ್ಲೊಂದು ಇಲ್ಲೊಂದು ಹಾಳಾಗುತ್ತಿತ್ತು, ಆದರೆ ಅದು ಕಲಿಯುವ ಖರ್ಚು. ಜೂನ್ ಎರಡನೇ ವಾರದಲ್ಲಿ ಮಳೆ ಹಿಡಿಯಿತು ನೋಡಿ, ಅವತ್ತಿನಿಂದ ಒಂದು ಮಗ್ಗೂ ನೆಟ್ಟಗೆ ಬರಲಿಲ್ಲ. ಒಂದರಲ್ಲಿ ಮದುಮಗಳ ಮುಖದ ಮೇಲೆ ನೀರು ಚಿಮುಕಿಸಿದ ಹಾಗೆ ಕಲೆ. ಇನ್ನೊಂದರಲ್ಲಿ ಅಕ್ಷರದ ಅಂಚೆಲ್ಲ ಹರಡಿಕೊಂಡು ಜಾತ್ರೆ ಬತ್ತಾಸಿನ ಹಾಗೆ. ಮತ್ತೊಂದು ಪೂರ್ತಿ ಮಂಕು, ಹತ್ತು ವರ್ಷ ಬಿಸಿಲಿಗೆ ಇಟ್ಟ ಕ್ಯಾಲೆಂಡರ್ ತರಹ.

ನಾನು ಮೊದಲು ಬೈದದ್ದು ಇಂಕನ್ನು. 1,800 ಕೊಟ್ಟು ಬೇರೆ ಇಂಕು ತರಿಸಿದೆ. ಹಳೇದು ಟ್ಯೂಬಿನಲ್ಲಿ ಇರುವಾಗಲೇ ಮೇಲಿಂದ ಹೊಸದು ಸುರಿದೆ. ಹೀಗೆ ಮಾಡಬಾರದು ಅಂತ ನಿಮಗೆಲ್ಲ ಗೊತ್ತು, ನನಗೂ ಗೊತ್ತಿತ್ತು, ಸಿಟ್ಟಿನಲ್ಲಿ ಮಾಡಿದೆ. ಇಂಕು ಚಿಮ್ಮುವ ತೂತು ತೆರೆದಿದೆಯೋ ಅಂತ ನೋಡುವ ನಾಝಲ್ ಚೆಕ್ಕಿನಲ್ಲಿ ಹಳದಿ ಅರ್ಧ ಮಾಯ. ಹೆಡ್ ಕ್ಲೀನಿಂಗ್ ಮಾಡಿ ಮಾಡಿ ಅರ್ಧ ಬಾಟಲಿ ಇಂಕು ಒಳಗಿನ ವೇಸ್ಟ್ ಇಂಕು ಹೀರುವ ಪ್ಯಾಡಿಗೆ ಹೋಯಿತು, ಕೊನೆಗೆ ಪ್ಯಾಡ್ ತುಂಬಿದೆ ಅಂತ ಪ್ರಿಂಟರ್ ಮುಷ್ಕರ ಹೂಡಿತು. ಪ್ಯಾಡ್ ಬದಲಿಸಿ ರೀಸೆಟ್ ಮಾಡಿಸಲು ಶಿವಮೊಗ್ಗಕ್ಕೆ ಹೊತ್ತುಕೊಂಡು ಹೋದೆ. ಬಸ್ಸು, ಊಟ, ರೀಸೆಟ್ ಎಲ್ಲ ಸೇರಿ ಒಂದು ಸಾವಿರ. ಗೆಳೆಯನ ಅಂಗಡಿ ಮುಂದೆ ಹಾದು ಹೋಗಲೇ ಇಲ್ಲ, ಸುತ್ತು ಹೊಡೆದು ಬಂದೆ.

ಆಮೇಲೆ ಮಗ್ಗನ್ನು ಬೈದೆ, ಆಮೇಲೆ ಪ್ರೆಸ್ಸನ್ನು. ಜುಲೈ ಕೊನೆಗೆ ಲೆಕ್ಕ ಹಾಕಿದಾಗ ಮಳೆ ಹಿಡಿದಮೇಲೆ ಹೆಚ್ಚುಕಡಿಮೆ 30 ಮಗ್ ಹಾಳು. ಇವತ್ತಿಗೂ ನಮ್ಮ ಮನೆಗೆ ಬಂದವರಿಗೆ ಯಾರದೋ ಮದುವೆಯ ಮಸುಕು ಫೋಟೋ ಇರುವ ಮಗ್ಗಿನಲ್ಲೇ ಕಾಫಿ.

ಗುಟ್ಟು ತಿಳಿದದ್ದು ಆಕಸ್ಮಿಕವಾಗಿ. ಒಂದು ದಿನ ಪ್ರಿಂಟ್ ಹಾಕಿದ ಪೇಪರನ್ನು ಬಿಸಿಯಾಗಿದ್ದ ಲ್ಯಾಮಿನೇಶನ್ ಮಷಿನ್ ಮೇಲೆ ಇಟ್ಟು ಯಾರದೋ ಆಧಾರ್ ಝೆರಾಕ್ಸ್ ಮಾಡಲು ಹೋದೆ. ಅದು ಮುಗಿದಮೇಲೆ ಚಹಾ ಕುಡಿದೆ. ಬಂದು ಅದೇ ಪೇಪರ್ ಸುತ್ತಿ ಪ್ರೆಸ್ಸಿಗೆ ಹಾಕಿದರೆ, ಒಂದು ಚುಕ್ಕೆ ಇಲ್ಲ. ಫೆಬ್ರವರಿಯ ಮಗ್ಗೇ! ಇನ್ನೊಂದನ್ನು ಬೇಕೆಂದೇ ಪೇಪರ್ ಬಿಸಿ ಮಾಡದೆ ಹಾಕಿದೆ, ಕಲೆ ಬಂತು. ಮತ್ತೊಂದನ್ನು ಬಿಸಿ ಮಾಡಿ ಹಾಕಿದೆ, ಚೊಕ್ಕ.

ಪೇಪರ್ ಮಳೆಗಾಲದ ಹಪ್ಪಳದ ಹಾಗೆ ನೀರು ಎಳೆದುಕೊಂಡಿತ್ತು, ಅಷ್ಟೇ. 180 ಡಿಗ್ರಿಯಲ್ಲಿ ಆ ನೀರು ಆವಿಯಾಗಿ ಹೊರಗೆ ಬರಲು ದಾರಿ ಇಲ್ಲದೆ ಬಣ್ಣವನ್ನೂ ತಳ್ಳಿಕೊಂಡು ಹೋಗುತ್ತದೆ. ನಾಚಿಕೆ ಯಾಕೆ ಅಂದರೆ, ನಾನು ಫೋಟೋಗ್ರಾಫರ್. ಲೆನ್ಸಿಗೆ ಫಂಗಸ್ ಹಿಡಿಯಬಾರದು ಅಂತ ಬಲ್ಬ್ ಉರಿಸಿದ ಕಪಾಟು ನನ್ನ ತಲೆಯ ಹಿಂದೆಯೇ ಇದೆ. ಆಗುಂಬೆ ಇಲ್ಲಿಂದ 30 ಚಿಲ್ಲರೆ ಕಿಲೋಮೀಟರ್, ಇಲ್ಲಿ ಬೆಲ್ಟು ಚಪ್ಪಲಿಗೇ ಬೂಸ್ಟು ಹಿಡಿಯುತ್ತದೆ, ಪೇಪರ್ ಏನು ಮಹಾ? ಕ್ಯಾಮೆರಾಕ್ಕೆ ಕೊಟ್ಟ ಮರ್ಯಾದೆಯನ್ನು ಪೇಪರಿಗೆ ಕೊಡಬೇಕು ಅಂತ ಹೊಳೆಯಲು ಎರಡು ತಿಂಗಳು ಬೇಕಾಯಿತು.

ಈಗ ಪೇಪರ್ ಪ್ಯಾಕೆಟ್ ಒಡೆದ ಕೂಡಲೇ ಆ ಕಪಾಟಿಗೆ ಹೋಗುತ್ತದೆ. ಒಂದು ದಿನಕ್ಕೆ ಬೇಕಾದಷ್ಟನ್ನು ಮಾತ್ರ ಚಕ್ಕುಲಿ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಟೇಬಲ್ಲಿಗೆ ತರುತ್ತೇನೆ. ಪ್ರಿಂಟ್ ಆದಮೇಲೆ ಐದು ನಿಮಿಷ ಲ್ಯಾಮಿನೇಶನ್ ಮಷಿನ್ ಮೇಲೆ ಇಡುತ್ತೇನೆ. ಮೇಲೆ, ಒಳಗಲ್ಲ! ಒಂದು ಸಲ ಮಗ ರೋಲರಿಗೇ ತೂರಿಸಿಬಿಟ್ಟಿದ್ದ. ಮಗ್ಗನ್ನೂ ಪೇಪರ್ ಇಲ್ಲದೆ ಅರ್ಧ ನಿಮಿಷ ಪ್ರೆಸ್ಸಿನಲ್ಲಿ ಬಿಸಿ ಮಾಡಿ ಒರೆಸುತ್ತೇನೆ. ಒರೆಸುವ ಬಟ್ಟೆ ಕನ್ನಡಕದ್ದು. ಪಂಚೆ ತುಂಡಿನಲ್ಲಿ ಒರೆಸಿದರೆ ಎಳೆ ಅಂಟಿಕೊಂಡು ನೀಲಿ ಗೀರು ಬೀಳುತ್ತದೆ.

ಕಲೆ ಹೋಯಿತು. ಆದರೆ ಮಂಕು ಹೋಗಲಿಲ್ಲ. ಅದೂ ದಿನಾ ಅಲ್ಲ. ಸಂಜೆ ಏಳಕ್ಕೆ ಮಾಡಿದ್ದು ಮಂಕು, ರಾತ್ರಿ ಹತ್ತೂವರೆಗೆ ಮಾಡಿದ್ದು ಫಳಫಳ. ಪೇಪರ್ ಅದೇ, ಇಂಕು ಅದೇ, ಸಮಯ ಅದೇ 210 ಸೆಕೆಂಡ್. ಇದು ಅಮಾವಾಸ್ಯೆ ಹುಣ್ಣಿಮೆ ಲೆಕ್ಕವೇ ಅಂತ ತಮಾಷೆ ಮಾಡುತ್ತಿದ್ದ ಪಕ್ಕದ ಎಲೆಕ್ಟ್ರಿಕಲ್ ಅಂಗಡಿಯವರೇ ಮಲ್ಟಿಮೀಟರ್ ತಂದು ಪ್ಲಗ್ಗಿಗೆ ಹಿಡಿದರು. ಸಂಜೆ 170 ವೋಲ್ಟ್. ಕೆಲವು ದಿನ ಅದಕ್ಕಿಂತ ಕೆಳಗೆ. ರಾತ್ರಿ 225.

170 ಅಂದರೆ ಕಾಲುಭಾಗ ಕಡಿಮೆ ತಾನೆ ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಕಾಯಿಲ್‌ನಲ್ಲಿ ಶಾಖ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ, ವೋಲ್ಟೇಜ್ ಮುಕ್ಕಾಲಾದರೆ ಶಾಖ ಸುಮಾರು ಅರ್ಧ. ನನ್ನ 350 ವ್ಯಾಟಿನ ಪ್ರೆಸ್ ಸಂಜೆಹೊತ್ತು 190 ವ್ಯಾಟಿನದು. ಡಿಸ್‌ಪ್ಲೇ 180 ತೋರಿಸುತ್ತದೆ, ಆದರೆ ತಣ್ಣನೆ ಮಗ್ ಒಳಗೆ ಹೋದ ಕೂಡಲೇ ಬಿದ್ದ ಶಾಖ ಮೇಲೇಳಲು ಒದ್ದಾಡುತ್ತದೆ, ಅಷ್ಟರಲ್ಲಿ ಟೈಮರ್ ಕೂಗುತ್ತದೆ. ಸರಿ, ಎಷ್ಟು ಬಿಸಿ ಇದೆ ಅಂತ ನೋಡೋಣ ಎಂದು ಕೊರೊನಾ ಕಾಲದಲ್ಲಿ ತಂದಿದ್ದ ಹಣೆಗೆ ಹಿಡಿಯುವ ಗನ್ನನ್ನು ಮಗ್ಗಿಗೆ ಹಿಡಿದೆ. ಅದು "ಹಾಯ್" ಅಂತ ತೋರಿಸಿತು. ನಮಸ್ಕಾರ ಹೇಳುತ್ತಿದೆಯೇನೋ ಅಂದುಕೊಂಡೆ. ಜ್ವರದ ಲೆಕ್ಕ ದಾಟಿದರೆ ಅದು ಹಾಗೇ, "ಹೈ" ಅನ್ನುವುದರ ಗುರುತು.

ಮನೆಯ ಫ್ರಿಜ್ಜಿನ ಸ್ಟೆಬಿಲೈಸರ್ ಅಂಗಡಿಗೆ ಬಂತು. ಎರಡು ದಿನ ಮನೆಯಲ್ಲಿ ಮಾತುಕತೆ ಇರಲಿಲ್ಲ. "ರೀ, ಫ್ರಿಜ್ ಸುಟ್ಟುಹೋದ್ರೆ ಮೊಸರನ್ನ ನಿಮ್ಮ ಪ್ರೆಸ್ಸಲ್ಲೇ ಇಡ್ತೀನಿ" ಅಂದಳು. ಆಮೇಲೆ ಅಂಗಡಿಗೆ ಬೇರೆಯದೇ ತಂದೆ, 2,200 ಇರಬೇಕು. ಈಗ ಬಿಸಿ ಮಾಡಿದ ಮಗ್ಗಿಗೆ 170 ಸೆಕೆಂಡ್ ಸಾಕು. ನನ್ನ ಪ್ರೆಸ್ಸಿಗೆ ಮಾತ್ರ ಈ ಲೆಕ್ಕ. ನಿಮ್ಮದರಲ್ಲಿ ಕಪ್ಪನ್ನು ನೋಡಿಕೊಳ್ಳಿ: ಕಪ್ಪು ಬೂದು ಬೂದಾಗಿದ್ದರೆ ಇನ್ನೂ ಬೇಯಬೇಕು, ಕಂದಿ ಕಾಫಿಪುಡಿ ಬಣ್ಣಕ್ಕೆ ತಿರುಗಿದರೆ ಜಾಸ್ತಿ ಬೆಂದಿದೆ.

ಇಷ್ಟಾದರೂ ಒಂದು ಸಲ ಸರಿಯಾಗಿ ಮರ್ಯಾದೆ ಹೋಯಿತು. ಮಗ್ಗಿನಲ್ಲಿ ನೆಟ್ಟಗೆ ಬರಬೇಕಾದರೆ ಪೇಪರಿನಲ್ಲಿ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಇರಬೇಕು, ಅದೇ ಮಿರರ್. ಡಿಸೈನಿನಲ್ಲೇ ಮಿರರ್ ಮಾಡಿದ್ದೆ, ಪ್ರಿಂಟರ್ ಸೆಟ್ಟಿಂಗಿನಲ್ಲೂ ಮಿರರ್ ಟಿಕ್ ಇತ್ತು. ಎರಡು ಸಲ ತಿರುಗಿದರೆ ನೆಟ್ಟಗಾಯಿತಲ್ಲ! ಪೇಪರಿನಲ್ಲಿ ಚೆನ್ನಾಗಿ ಓದಲು ಬರುತ್ತಿತ್ತು, ಅದೇ ಅಪಾಯದ ಗುರುತು ಅಂತ ತಲೆಗೆ ಹೋಗಲಿಲ್ಲ. ಗೃಹಪ್ರವೇಶದ 6 ಮಗ್ಗಿನಲ್ಲಿ "ಸುಸ್ವಾಗತ" ಉಲ್ಟಾ. ಕನ್ನಡದ ಇನ್ನೊಂದು ತಾಪತ್ರಯ ಒತ್ತಕ್ಷರ. ನನ್ನ ಹಳೇ ಫೋಟೋಶಾಪಿಗೆ ಯೂನಿಕೋಡ್ ಕನ್ನಡ ಹಾಕಿದರೆ ಒತ್ತು ಬಿಟ್ಟು ಬಿಟ್ಟು ಬೀಳುತ್ತದೆ, ಅದಕ್ಕೆ ನುಡಿ ಸಾಫ್ಟ್‌ವೇರಿನಲ್ಲೇ ಟೈಪ್ ಮಾಡುತ್ತೇನೆ. ಕೆಳಗೆ ಒಂದು ಬೆರಳು ಜಾಗ ಬಿಡಿ. ಇಲ್ಲದಿದ್ದರೆ ಮಗ್ಗಿನ ಬುಡದಲ್ಲಿ ಒತ್ತು ಕಟ್ ಆಗಿ "ಅಮ್ಮ" ಹೋಗಿ "ಅಮ" ಆಗುತ್ತದೆ.

ಮಧ್ಯೆ ಹುಚ್ಚೂ ಹಿಡಿದಿತ್ತು. ನಮ್ಮಲ್ಲಿ ಅಡಿಕೆ ಹಾಳೆ ತಟ್ಟೆಗೇನು ಬರ, ಅದರ ಮೇಲೆ ಹೆಸರು ಬರಿಸಿದರೆ ಮದುವೆಯಲ್ಲಿ ಹೇಗಿರುತ್ತದೆ ಅಂತ. ತಟ್ಟೆಯನ್ನು ತುಂಡು ಮಾಡಿ ಪ್ರೆಸ್ಸಿನಲ್ಲಿ ಬಗ್ಗಿಸಿ ಇಟ್ಟೆ. ಸುಟ್ಟ ಅಡಿಕೆ ಸೋಗೆಯ ವಾಸನೆ, ತಿಳಿಗುಲಾಬಿ ಕಲೆ, ಬೇರೆ ಏನಿಲ್ಲ. ಪಾಲಿಯೆಸ್ಟರ್ ಕೋಟಿಂಗ್ ಇಲ್ಲದೆ ಈ ಬಣ್ಣ ಹಿಡಿಯಲು ಅಲ್ಲಿ ಏನೂ ಇಲ್ಲ. ಕೋಟಿಂಗ್ ಬಳಿದು ನೋಡಬಹುದಿತ್ತು, ಊಟ ಮಾಡುವ ತಟ್ಟೆಗೆ ಅದೆಲ್ಲ ಬೇಡ ಅಂತ ಬಿಟ್ಟೆ. ಸಂತೆಯಲ್ಲಿ ತಂದ 40 ರೂಪಾಯಿಯ ಬಿಳಿ ಮಗ್ಗಿನ ಕತೆಯೂ ಅದೇ, ಉಗುರಿನಲ್ಲಿ ಕೆರೆದರೆ ಬಂತು. ಸ್ಯಾಟಿನ್ ರಿಬ್ಬನ್ ಮಾತ್ರ ಕೈಹಿಡಿಯಿತು. ಎಳ್ಳಮಾವಾಸ್ಯೆ ಜಾತ್ರೆಗೆ ಸ್ವಯಂಸೇವಕರ ಬ್ಯಾಡ್ಜ್ ಕೇಳಿದ್ದರು. ಫ್ಲ್ಯಾಟ್ ಪ್ರೆಸ್ ನನ್ನ ಹತ್ತಿರ ಇಲ್ಲ. ಇಸ್ತ್ರಿಯವರ ಇದ್ದಿಲ ಪೆಟ್ಟಿಗೆ ಕೇಳಿ ತಂದೆ. ಭಾರ ಇದೆ, ತಳದಲ್ಲಿ ಆವಿ ತೂತಿಲ್ಲ, ಬೇಕಾದದ್ದೂ ಅದೇ. 50ರಲ್ಲಿ 30 ಚೆನ್ನಾಗಿ ಬಂತು. ಉಳಿದದ್ದರಲ್ಲಿ ಒಂದಕ್ಕೆ ಇದ್ದಿಲ ಕಿಡಿ ಬಿದ್ದು ತೂತು.

ಬಾಳಿಕೆ ಪರೀಕ್ಷೆ ನಮ್ಮ ಅಮ್ಮನದು. "ಇದು ಎಷ್ಟು ದಿನ ಇರ್ತದೆ ನೋಡೇ ಬಿಡ್ತೀನಿ ತಗ" ಅಂತ ದಿನಾ ತೆಂಗಿನ ನಾರು, ಬೂದಿ ಹಾಕಿ ತಿಕ್ಕಿದರು. ಒಂದೂವರೆ ತಿಂಗಳಿಗೆ ಹೊಳಪು ಹೋಯಿತು, ಚಿತ್ರ ಹೋಗಲಿಲ್ಲ. ಗಿರಾಕಿಗೆ ಸ್ಪಂಜಿನಲ್ಲಿ ತೊಳೆಯಿರಿ ಅಂತ ಹೇಳುತ್ತೇನೆ, ಆದರೆ ಅಮ್ಮನ ಮಗ್ಗನ್ನು ಕೌಂಟರಿನ ಮೇಲೇ ಇಟ್ಟಿದ್ದೇನೆ.

ದುಡ್ಡಿನ ವಿಷಯ. ಬ್ಲ್ಯಾಂಕ್ ಈಗ 70, ದಾರಿಯಲ್ಲಿ ಒಡೆದದ್ದೂ ಬಾಡಿಗೆಯೂ ಸೇರಿ ತಲಾ 6. ಪೇಪರಿಗೆ ಒಂದೂವರೆ ರೂಪಾಯಿ. ಒಂದು ಎ4ನಲ್ಲಿ ಮೂರು ಪಟ್ಟಿ ಹೊಂದುತ್ತದೆ. ನಾಲ್ಕು ತಿಂಗಳು ನಾನು ಎರಡೇ ಕತ್ತರಿಸುತ್ತಿದ್ದೆ, ದಡ್ಡ. ಇಂಕು ಮೂರು, ಟೇಪು ಎರಡು, ರಟ್ಟಿನ ಡಬ್ಬಿ 12. ಕರೆಂಟು ಲೆಕ್ಕಕ್ಕಿಲ್ಲ. 95 ಹಿಡಿಯಿರಿ. ಬಿಡಿಯಾಗಿ 250, ಐವತ್ತರ ಮೇಲಾದರೆ 180. ಹಾಕಿದ್ದೂ ಕಳಕೊಂಡದ್ದೂ ವಾಪಸ್ ಬಂದದ್ದು ಹೋದ ದೀಪಾವಳಿ ಹೊತ್ತಿಗೆ.

ದಿನಾ ಬೆಳಿಗ್ಗೆ ದೇವರ ಫೋಟೋಗೆ ಊದುಬತ್ತಿ ಹಚ್ಚಿದ ಕೂಡಲೇ ನಾಲ್ಕು ಬಣ್ಣದ ಒಂದು ಪಟ್ಟಿ ಪ್ರಿಂಟ್ ಹಾಕುತ್ತೇನೆ, ನಾಝಲ್ ಕಟ್ಟಿಕೊಳ್ಳಬಾರದು ಅಂತ. ಆರ್ಡರ್ ಇರಲಿ ಬಿಡಲಿ. ಮಳೆಗೆ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದಾಗಲೂ ಇನ್ವರ್ಟರಿನಲ್ಲಿ ಇದೊಂದನ್ನು ಬಿಡುವುದಿಲ್ಲ. ಹೆಡ್ ಕ್ಲೀನಿಂಗ್ ಒತ್ತಿ ಒಂದು ವರ್ಷದ ಮೇಲಾಯಿತು.

ಹಿಡಿಕೆಯ ಪಕ್ಕ ಮಸುಕಾಗುತ್ತದಲ್ಲ, ಅದನ್ನು ತಪ್ಪಿಸಲು ಟೇಪ್ ಸುತ್ತುವ ಒಂದು ರೀತಿ ಇದೆ. ಮುಖದ ಬಣ್ಣ ಕೆಂಪಗಾಗದ ಹಾಗೆ ನಾನೇ ಕೂತು ಮಾಡಿಕೊಂಡ ಒಂದು ಕಲರ್ ಸೆಟ್ಟಿಂಗೂ ಇದೆ, ಅದಕ್ಕೇ 15 ಮಗ್ ಹೋಗಿದೆ. ಇವೆರಡನ್ನು ಇಲ್ಲಿ ಬರೆಯುವುದಿಲ್ಲ. ಅಂಗಡಿಗೆ ಬನ್ನಿ, ಕಾಫಿ ಕೊಡುತ್ತೇನೆ, ಆಗ ಅರ್ಧ ಹೇಳುತ್ತೇನೆ.

ಶಿವಮೊಗ್ಗದ ಗೆಳೆಯ ಹೋದ ಆಗಸ್ಟಿನಲ್ಲಿ ಫೋನ್ ಮಾಡಿದ್ದ. "40 ಮಗ್ ಇದೆ, ಕಲೆ ಬರ್ತಿದೆ, ಅರ್ಜೆಂಟು, ನೀನು ಮಾಡಿಕೊಡ್ತೀಯ?" ಮಾಡಿಕೊಟ್ಟೆ, 180ರ ರೇಟಿನಲ್ಲೇ. ಲ್ಯಾಮಿನೇಶನ್ ಮಷಿನ್ ವಿಷಯ ಹೇಳಲಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ, ಬೈಯುತ್ತಾನೆ, ಬೈಯಲಿ.

ಬಿಸಿ ಕಾಫಿ ಹಾಕಿದರೆ ಚಿತ್ರ ಕಾಣುವ ಕಪ್ಪು ಮ್ಯಾಜಿಕ್ ಮಗ್ ಮಾತ್ರ ಇನ್ನೂ ಪೂರ್ತಿ ಕೈಗೆ ಬಂದಿಲ್ಲ. ಐದರಲ್ಲಿ ಒಂದು ಹೋಗುತ್ತಿದೆ. ಬ್ಲ್ಯಾಂಕೇ 120 ಬೀಳುತ್ತದೆ, ಹಾಳಾದರೆ ಹೊಟ್ಟೆ ಉರಿಯುತ್ತದೆ. ಸದ್ಯಕ್ಕೆ ಯಾರಾದರೂ ಕೇಳಿದರೆ ಸ್ಟಾಕ್ ಇಲ್ಲ ಅಂತ ಹೇಳಿ ಬಿಳಿಯದನ್ನೇ ದಾಟಿಸುತ್ತಿದ್ದೇನೆ.